ಎಣಿಕೆಗೆ ಸಿಗದವರ ಮಳೆಗಾಲ

2005ರ ಜುಲೈ 26ರಂದು ಸಾಂತಾಕ್ರೂಜ್‌ನಲ್ಲಿ ಒಂದೇ ದಿನ 944 ಮಿಲಿಮೀಟರ್ ಮಳೆ ಸುರಿದದ್ದನ್ನು ಮುಂಬಯಿ ಕನ್ನಡಿಗರು ಮರೆತಿಲ್ಲ. ಅಂಥ ಮಳೆಗೆ ಮೊದಲು ಸಿಗುವುದು ಬಡವರ ಜೋಪಡಿ; ಬೇಸಿಗೆಯಲ್ಲಿ ಕಾದು ಕೆಂಡವಾಗುವುದೂ ಅವರ ತಗಡಿನ ಮಾಡೇ.

ಇವರನ್ನು ಲೆಕ್ಕಕ್ಕೆ ತರುವ ಕೆಲಸ ಬೈಕುಲ್ಲಾದಲ್ಲಿ ಹಿಂದೆಯೇ ನಡೆದಿತ್ತು. 1985ರಲ್ಲಿ ಸ್ಪಾರ್ಕ್ ಸಂಸ್ಥೆ ಫುಟ್‌ಪಾತ್‌ವಾಸಿಗಳ ಸಮೀಕ್ಷೆ ನಡೆಸಿತು. ಮರುವರ್ಷ ಅಲ್ಲಿನ ಹೆಂಗಸರು ‘ಮಹಿಳಾ ಮಿಲನ್’ ಕಟ್ಟಿ ಉಳಿತಾಯಕ್ಕಿಳಿದರು. ಅವರ ಜೊತೆ ನಿಂತ ಕೊಳೆಗೇರಿ ನಿವಾಸಿಗಳ ಒಕ್ಕೂಟದ ಜೋಕಿನ್ ಅರ್ಪುತಂ ನಮ್ಮ ಕೋಲಾರ ಚಿನ್ನದ ಗಣಿ ಪ್ರದೇಶದಲ್ಲಿ ಹುಟ್ಟಿದವರು.

2022ರಲ್ಲಿ ಮುಂಬಯಿ ಮಹಾನಗರಪಾಲಿಕೆ ಹವಾಮಾನ ಕ್ರಿಯಾ ಯೋಜನೆ ಪ್ರಕಟಿಸಿತು. ದತ್ತಾಂಶವೇ ನನ್ನ ವೃತ್ತಿ. ದಾಖಲೆಯಲ್ಲಿಲ್ಲದ ಮನೆ ಕಂಪ್ಯೂಟರಿನ ಪಾಲಿಗೆ ಇಲ್ಲವೇ ಇಲ್ಲ. ನೀರು ಮೊದಲು ಎಲ್ಲಿ ನುಗ್ಗುತ್ತದೆಂದು ಆ ಹೆಂಗಸರನ್ನೇ ಕೇಳಿ ಬರೆದುಕೊಂಡರೆ ಮಾತ್ರ ಯೋಜನೆ ಅವರದೂ ಆದೀತು.