“ಯಾವೂರು ಮಗಾ ನಿಂದು?”

ಶಿಕಾರಿಪುರದಿಂದ ಸೊರಬಕ್ಕೆ ಹೊರಟ ಬಸ್ಸು. ಕಿಟಕಿ ಪಕ್ಕ ಕೂತಿದ್ದ ನನ್ನ ಒಂಬತ್ತು ವರ್ಷದ ಮಗಳನ್ನು ಪಕ್ಕದ ಸೀಟಿನ ಅಜ್ಜಿಯೊಬ್ಬರು ಕೇಳಿದರು: “ಯಾವೂರು ಮಗಾ ನಿಂದು?” ಪುಟ್ಟಿ ನನ್ನ ಮುಖ ನೋಡಿದಳು. ನನಗೂ ತಕ್ಷಣ ಉತ್ತರ ಹೊಳೆಯಲಿಲ್ಲ.

ನನ್ನ ತವರು ಸೊರಬ. ಗಂಡನ ಮನೆ ಶಿಕಾರಿಪುರ. ಮಗಳು ಹುಟ್ಟಿದ್ದು ನ್ಯೂಜೆರ್ಸಿಯಲ್ಲಿ, ಹಾಗಾಗಿ ಹುಟ್ಟಿನಿಂದಲೇ ಅಮೆರಿಕದ ಪ್ರಜೆ. ಕಳೆದ ವರ್ಷ ಮೇ ತಿಂಗಳಲ್ಲಿ ನಾವು ಶಿಕಾರಿಪುರದ ಮನೆಗೆ ಬಂದು ನೆಲೆಸಿದೆವು. ನಾವಿಬ್ಬರೂ ಊರಿಗೆ ವಾಪಸ್ ಬಂದೆವು. ಅವಳು ಮಾತ್ರ ವಿದೇಶಕ್ಕೆ ಬಂದಿದ್ದಳು. ಈ ವ್ಯತ್ಯಾಸ ನಮಗೆ ತಿಳಿಯಲು ಮೂರು ತಿಂಗಳು ಬೇಕಾಯಿತು.

ಮೊದಮೊದಲು ಎಲ್ಲವೂ ತಮಾಷೆಯಾಗಿಯೇ ಇತ್ತು. ಬಂದ ಮೊದಲ ರಾತ್ರಿಯೇ ಅವಳ ಮುದ್ದಿನ ಮಲಗುವ ದೀಪ ‘ಟಪ್’ ಎಂದು ಸುಟ್ಟುಹೋಯಿತು. ಅಮೆರಿಕದ ಮನೆಗಳಲ್ಲಿ ವಿದ್ಯುತ್ತು 120 ವೋಲ್ಟ್, ನಮ್ಮಲ್ಲಿ 230. ಪಿನ್ ಹೊಂದಿಸಿದ್ದೆವು, ವೋಲ್ಟ್ ಮರೆತಿದ್ದೆವು. ಇನ್ನೊಂದು ದಿನ ಅಜ್ಜ ಪೇಪರ್ ನೋಡಿ “ಇವತ್ತು ಮೂವತ್ತು ಡಿಗ್ರಿಯಂತೆ” ಎಂದರೆ, ಇವಳು ಸ್ವೆಟರ್ ಹುಡುಕಲು ಓಡಿದಳು. ಅವಳಿಗೆ ಗೊತ್ತಿದ್ದ ಫ್ಯಾರನ್‌ಹೀಟ್ ಲೆಕ್ಕದಲ್ಲಿ ನೀರು ಹೆಪ್ಪುಗಟ್ಟುವುದು 32 ಡಿಗ್ರಿಗೆ! ಆದರೆ ಜ್ವರ ಬಂದಾಗ ಥರ್ಮಾಮೀಟರ್ ನೋಡಿ ನಾವು “ನೂರೊಂದು” ಎಂದೆವು. “ಹಾಗಾದರೆ ಜ್ವರ ಮಾತ್ರ ಅಮೆರಿಕದ್ದಾ?” ಎಂದು ಕೇಳಿದಳು.

ಶಾಲೆಯ ಅರ್ಜಿಯಲ್ಲಿ ಹುಟ್ಟಿದ ದಿನವನ್ನು 7/8 ಎಂದು ಬರೆದಳು. ಅಮೆರಿಕದಲ್ಲಿ ತಿಂಗಳು ಮೊದಲು, ದಿನ ಆಮೇಲೆ. ಜುಲೈ 8ರ ಹುಡುಗಿ ಒಂದೇ ಗೆರೆಯಲ್ಲಿ ಆಗಸ್ಟ್ 7ರವಳಾದಳು. ಇಂಗ್ಲಿಷ್ ನೋಟ್‌ಬುಕ್ಕಿನಲ್ಲಿ ‘ಕಲರ್’ ಪದಕ್ಕೆ ‘ಯು’ ಇಲ್ಲವೆಂದು ಕೆಂಪು ಗೆರೆ ಬಿತ್ತು. ಸೊರಬದ ಮಳೆಯಲ್ಲಿ ಅಜ್ಜಿಯ ಜೊತೆ ತೋಟಕ್ಕೆ ಹೋದವಳ ಕಾಲಿಗೆ ಉಂಬಳ ಹತ್ತಿತು. ಇವಳು ಕಿರುಚುವಷ್ಟರಲ್ಲಿ ಅಜ್ಜಿ ಎಲೆಯಡಿಕೆ ಚೀಲದಿಂದ ಚೂರು ಸುಣ್ಣ ತೆಗೆದು ಮುಟ್ಟಿಸಿದರು. ಉಂಬಳ ಉದುರಿತು. ನ್ಯೂಜೆರ್ಸಿಯ ಗೆಳತಿಗೆ ಈ ಕಥೆ ಹೇಳಲು ಸಂಜೆಯವರೆಗೆ ಕಾಯಬೇಕಾಯಿತು. ಬೇಸಿಗೆಯಲ್ಲಿ ಅಲ್ಲಿನ ಗಡಿಯಾರ ನಮಗಿಂತ ಒಂಬತ್ತೂವರೆ ಗಂಟೆ ಹಿಂದೆ.

ಕಾಗದಪತ್ರಗಳ ಮಾತೂ ಇದೆ. ಭಾರತದಲ್ಲಿ ಎರಡು ದೇಶಗಳ ಪೌರತ್ವಕ್ಕೆ ಅವಕಾಶವಿಲ್ಲ. ಆದ್ದರಿಂದ ಅವಳಿಗಿರುವುದು ಅಮೆರಿಕದ ಪಾಸ್‌ಪೋರ್ಟ್ ಮತ್ತು ‘ಓಸಿಐ’ ಎಂಬ ಕಾರ್ಡು. ಇದಿದ್ದರೆ ಎಷ್ಟು ವರ್ಷ ಬೇಕಾದರೂ ಇಲ್ಲಿ ಇರಬಹುದು, ಓದಬಹುದು. ಆದರೆ ದೊಡ್ಡವಳಾದ ಮೇಲೆ ಮತ ಹಾಕುವಂತಿಲ್ಲ, ಕೃಷಿ ಜಮೀನು ಕೊಳ್ಳುವಂತಿಲ್ಲ. ಅಜ್ಜನಿಗೆ ಇದು ದೊಡ್ಡ ಚಿಂತೆ. “ನನ್ನ ಮೊಮ್ಮಗಳಿಗೆ ಒಂದು ಗುಂಟೆ ಗದ್ದೆ ಕೊಳ್ಳೋ ಹಾಗಿಲ್ವೇನೋ?” ಎಂದು ಮಗನನ್ನು ಕೇಳುತ್ತಲೇ ಇದ್ದರು. ಹಿರಿಯರಿಂದ ವಾರಸುದಾರಿಕೆಯಲ್ಲಿ ಬಂದರೆ ಇಟ್ಟುಕೊಳ್ಳಬಹುದು ಎಂದು ತಿಳಿದ ಮೇಲೆಯೇ ಅವರಿಗೆ ಸಮಾಧಾನ.

ಇವೆಲ್ಲ ನಡೆಯುತ್ತಿರುವಾಗಲೇ ಪುಟ್ಟಿ ಮಾತು ಕಡಿಮೆ ಮಾಡಿದಳು. ಜೂನ್‌ನಲ್ಲಿ ಶಾಲೆ ಶುರುವಾಗಿತ್ತು. ಜುಲೈ ಹೊತ್ತಿಗೆ ಕನ್ನಡದಲ್ಲಿ ಒಂದು ಮಾತೂ ಇಲ್ಲ. ಕೇಳಿದ್ದಕ್ಕೆ ಇಂಗ್ಲಿಷಿನಲ್ಲಿ ಒಂದೇ ಪದದ ಉತ್ತರ. ಬೆಳಿಗ್ಗೆಯಾದರೆ ಹೊಟ್ಟೆನೋವು. ನಾವು ಊಟ ಬದಲಿಸಿದೆವು, ನೀರು ಕುದಿಸಿದೆವು. ಒಂದು ರಾತ್ರಿ ಗಂಡ “ತಪ್ಪು ಮಾಡಿದ್ವೇನೋ” ಎಂದಾಗ ನಾನು ಸುಮ್ಮನಿದ್ದೆ. ಅವರು ಮೊಬೈಲಿನಲ್ಲಿ ವಿಮಾನದ ಟಿಕೆಟ್ ದರ ನೋಡುತ್ತಿದ್ದರು.

ಆಗಸ್ಟಿನ ಒಂದು ಭಾನುವಾರ ಅಜ್ಜ ಅವಳನ್ನು ಶಿರಾಳಕೊಪ್ಪದ ಹತ್ತಿರದ ತಾಳಗುಂದಕ್ಕೆ ಕರೆದುಕೊಂಡು ಹೋದರು. ನಾನೂ ಹೋಗಿದ್ದೆ. ಅಲ್ಲಿನ ಪ್ರಣವೇಶ್ವರ ದೇವಾಲಯದ ಮುಂದೆ ಕಲ್ಲಿನ ಕಂಬವೊಂದಿದೆ. ಅದರ ಮೇಲೆ ಕುಬ್ಜನೆಂಬ ಕವಿ ಸಂಸ್ಕೃತದಲ್ಲಿ ರಚಿಸಿದ ಶಾಸನ, ಕದಂಬರ ಕಥೆ. ಇದೇ ಊರಿನ ಮಯೂರಶರ್ಮ ಗುರು ವೀರಶರ್ಮರ ಜೊತೆ ಓದಲೆಂದು ದೂರದ ಕಾಂಚಿಗೆ ಹೋದ. ಅಲ್ಲಿ ಪಲ್ಲವರ ಕುದುರೆ ಸವಾರನೊಡನೆ ಜಗಳವಾಗಿ ಅವಮಾನವಾಯಿತು. ಪುಸ್ತಕ ಬಿಟ್ಟು ಕತ್ತಿ ಹಿಡಿದ. ಕೊನೆಗೆ ಕದಂಬ ರಾಜ್ಯ ಕಟ್ಟಿದ. ನಾಲ್ಕನೇ ಶತಮಾನದ ಮಾತಿದು.

“ನೋಡು ಪುಟ್ಟಿ, ಇವನೂ ಪರಊರಿಗೆ ಓದೋಕೆ ಹೋದವನೇ” ಎಂದರು ಅಜ್ಜ.

ಪುಟ್ಟಿ ಕಂಬವನ್ನೇ ನೋಡುತ್ತಾ ಕನ್ನಡದಲ್ಲಿ ಕೇಳಿದಳು: “ಅವನು ಏನು ತಪ್ಪು ಮಾತಾಡಿದ್ದ?”

ಅಜ್ಜ ನಗಲಿಲ್ಲ. “ನೀನು ಏನು ಮಾತಾಡಿದೆ?” ಎಂದು ಮೆಲ್ಲಗೆ ಕೇಳಿದರು.

ಆಗ ವಿಷಯ ಹೊರಬಂತು. ಒಂದು ದಿನ ಹೆಡ್‌ಮಿಸ್ಸಿನ ಪೆನ್ನು ಮೇಜಿನ ಕೆಳಗೆ ಬಿದ್ದಿತ್ತು. ಇವಳು ಸಹಾಯ ಮಾಡಲೆಂದು ಎದ್ದು, “ನೀನು ಕೂತ್ಕೋ, ನಾನು ಹುಡುಕ್ತೀನಿ” ಎಂದಿದ್ದಳು. ಇಡೀ ತರಗತಿ ಗೊಳ್ಳೆಂದು ನಕ್ಕಿತ್ತು. ಯಾಕೆಂದು ಅವಳಿಗೆ ತಿಳಿದಿರಲಿಲ್ಲ.

ನನ್ನ ಗಂಟಲು ಕಟ್ಟಿತು. ಇಂಗ್ಲಿಷಿನಲ್ಲಿ ಎಲ್ಲರಿಗೂ ಒಂದೇ ಪದ. ಕನ್ನಡವನ್ನು ಅವಳು ಕಲಿತದ್ದು ನಮ್ಮ ಬಾಯಿಂದ ಮಾತ್ರ. ಅವಳಿಗೆ ನಾವು ‘ನೀನು’ ಎನ್ನುತ್ತಿದ್ದೆವು, ನಾನೂ ಗಂಡನೂ ಒಬ್ಬರಿಗೊಬ್ಬರು ‘ನೀನು’. ಆ ಮನೆಯಲ್ಲಿ ‘ನೀವು’ ಎನಿಸಿಕೊಳ್ಳುವವರು ಯಾರೂ ಇರಲಿಲ್ಲ. ತಪ್ಪು ಕಲಿಸಿದ್ದು ನಾನು, ನಗೆಪಾಟಲಾದದ್ದು ಅವಳು.

ಅಂದಿನಿಂದ ಅಜ್ಜ ಆಟವೊಂದನ್ನು ಶುರುಮಾಡಿದರು. ದಾರಿಯಲ್ಲಿ ಸಿಕ್ಕವರನ್ನೆಲ್ಲ ತೋರಿಸಿ “ನೀನೋ ನೀವೋ?” ಎಂದು ಕೇಳುವುದು. ಹಾಲು ಕೊಡುವವರು? ನೀವು. ಪಕ್ಕದ ಮನೆಯ ಪಾಪು? ನೀನು. ಹುಚ್ಚರಾಯಸ್ವಾಮಿ ಗುಡಿಯ ಆಂಜನೇಯ? ಪುಟ್ಟಿ ತಡವರಿಸಿದಳು. “ದೇವರಿಗೆ ನೀನು ಅಂದರೂ ನಡೆಯುತ್ತೆ, ಅವನು ಮನೆಯವನು” ಎಂದರು ಅಜ್ಜ. ಮುಂದಿನ ವಾರ ಸೊರಬಕ್ಕೆ ಹೋದಾಗ ಅವಳು ಬಹಳ ವಿನಯದಿಂದ “ಅಜ್ಜಿ, ನೀವು ಊಟ ಮಾಡಿದ್ರಾ?” ಎಂದಳು. ನನ್ನಮ್ಮ ಸೊಂಟಕ್ಕೆ ಕೈಯಿಟ್ಟರು. “ಏನೇ ಇದು, ನಂಗೆ ನೀವು ಅಂದ್ರೆ ಇನ್ಮೇಲೆ ಕೈತುತ್ತಿಲ್ಲ ನೋಡು!” ಪುಟ್ಟಿ ನಕ್ಕು ಅಜ್ಜಿಯನ್ನು ತಬ್ಬಿಕೊಂಡಳು. ಟಿಕೆಟ್ ದರದ ಸುದ್ದಿ ಮನೆಯಲ್ಲಿ ಮತ್ತೆ ಬರಲಿಲ್ಲ.

ಮೊನ್ನೆ ಅದೇ ಸೊರಬದ ಬಸ್ಸು. ಕಂಡಕ್ಟರ್ ಚೀಟಿ ಹರಿಯುತ್ತಾ ಕೇಳಿದರು: “ಯಾವೂರು ಮರಿ?”

ಈ ಸಲ ಅವಳು ನನ್ನ ಮುಖ ನೋಡಲಿಲ್ಲ. “ಅಜ್ಜನ ಮನೆ ಶಿಕಾರಿಪುರ, ಅಜ್ಜಿ ಮನೆ ಸೊರಬ, ಹುಟ್ಟಿದ್ದು ನ್ಯೂಜೆರ್ಸಿ” ಎಂದಳು. ಒಂದು ಕ್ಷಣ ಬಿಟ್ಟು ಕೇಳಿದಳು: “ನಿಮ್ಮದು?”