ಗಡ್ಡವೂ ಉಸಿರುರಕ್ಷಕ ಮುಖವಾಡವೂ

ಕೇಶವನ್ನು ಕತ್ತರಿಸದಿರುವುದು ಖಾಲ್ಸಾ ಸಿಖ್ಖರ ವ್ರತ. ಉಸಿರುರಕ್ಷಕ ಮುಖವಾಡವಾದರೋ, ಅದರ ಅಂಚು ಚರ್ಮಕ್ಕೆ ಬಿಗಿಯಾಗಿ ಕೂಡಿದಲ್ಲದೆ ಫಲಕಾರಿಯಾಗದು. ನಡುವೆ ಗಡ್ಡವಿದ್ದರೆ ಸೋಸದ ಗಾಳಿ ಒಳನುಸುಳುವುದು. 2020ರ ಕೋವಿಡ್ ಕಾಲದಲ್ಲಿ ಬ್ರಿಟನ್ನಿನ ಸಿಖ್ ವೈದ್ಯರ ಮುಂದೆ ಈ ತೊಡಕು ಉಗ್ರವಾಗಿ ನಿಂತಿತು: ವ್ರತವನ್ನು ಬಿಡಬೇಕೆ, ರೋಗಿಯ ಬಳಿಯಿಂದ ಸರಿಯಬೇಕೆ? ಪರಿಹಾರವು ಸಂಪ್ರದಾಯದಲ್ಲಿಯೇ ದೊರೆಯಿತು. ಗಡ್ಡವನ್ನು ಓರಣವಾಗಿಡಲು ಕಟ್ಟುವ ‘ಠಾಠಾ’ ಪಟ್ಟಿಯಂತೆ, ಹಿಗ್ಗುವ ರಬ್ಬರಿನ ಹಾಳೆಯನ್ನು ಗಲ್ಲದಿಂದ ನೆತ್ತಿಗೆ ಬಿಗಿದು, ಅದರ ಮೇಲೆ ಮುಖವಾಡವನ್ನು ಧರಿಸಲಾಯಿತು. ನುಣುಪಾದ ಹಾಳೆಯು ಚರ್ಮದ ಸ್ಥಾನವನ್ನು ವಹಿಸಿತು. ಪ್ರಕಟಿತ ಪರೀಕ್ಷೆಗಳಲ್ಲಿ ಬಹುಮಂದಿ ಉತ್ತೀರ್ಣರಾದರು. ಆದರೂ ಧರಿಸುವ ಪ್ರತಿಯೊಬ್ಬರಿಗೂ ಸೋರಿಕೆಯ ಪರೀಕ್ಷೆ ನಡೆಯಲೇಬೇಕು. ಇಂತಹ ಸಾಧನಗಳನ್ನು ರಚಿಸುವವರು ಧರಿಸುವವರ ಆಚಾರವನ್ನೂ ಮೊದಲೇ ಗಣನೆಗೆ ತಂದುಕೊಳ್ಳುವುದು ಯುಕ್ತವೆಂದು ನಾವು ಭಾವಿಸುತ್ತೇವೆ.