ಹಸಿರಾದ ಈಜುಕೊಳ

2016ನೆಯ ಇಸವಿಯ ಆಗಸ್ಟ್ ತಿಂಗಳಲ್ಲಿ ಬ್ರೆಜಿಲ್ ದೇಶದ ರಿಯೊ ಡಿ ಜನೈರೊ ನಗರದಲ್ಲಿ ಒಲಿಂಪಿಕ್ ಕ್ರೀಡೆಗಳು ನಡೆಯುತ್ತಿದ್ದುವು. ಎತ್ತರದ ವೇದಿಕೆಯಿಂದ ನೀರಿಗೆ ಧುಮುಕುವ ಸ್ಪರ್ಧೆಗೆಂದು ಮೀಸಲಾದ ಕೊಳವು 8ನೆಯ ತಾರೀಖಿನಂದು ತಿಳಿನೀಲಿಯಾಗಿತ್ತು. ಮರುದಿನ ನೋಡಿದರೆ ಊರ ಹೊರಗಿನ ಕೆರೆಯಂತೆ ಹಸಿರು! ಮಗ್ಗುಲಿನ ಕೊಳವೂ ಬೇಗನೆ ಅದೇ ಬಣ್ಣಕ್ಕೆ ತಿರುಗಿತು. ಮನೆಯ ಹಿತ್ತಲಲ್ಲಿ ಕೊಳ ಕಟ್ಟಿಸಿಕೊಂಡವರಿಗೆ ಇಂತಹ ನೋಟ ಹೊಸದಲ್ಲ. ಆದರೆ ಇಷ್ಟೊಂದು ತಜ್ಞರ ಕಾವಲಿನಲ್ಲಿದ್ದ ನೀರು ಕೆಟ್ಟುದೇಕೆ?

ಹಸಿರು ಬಣ್ಣಕ್ಕೆ ಕಾರಣ ಸಾಮಾನ್ಯವಾಗಿ ಪಾಚಿ. ಕಣ್ಣಿಗೆ ಕಾಣದಷ್ಟು ಸಣ್ಣ ಪಾಚಿಗಳು ಗಾಳಿಯೊಡನೆ, ಮಳೆಯೊಡನೆ, ಈಜುವವರ ಉಡುಪಿನೊಡನೆ ನೀರಿಗೆ ಬಂದು ಸೇರುತ್ತಲೇ ಇರುತ್ತವೆ. ಬೆಳಕು, ಬೆಚ್ಚನೆಯ ನೀರು, ಒಂದಿಷ್ಟು ನೈಟ್ರೇಟು ಮತ್ತು ಫಾಸ್ಫೇಟು ದೊರೆತರೆ ಅವುಗಳ ಸಂತತಿ ಬಹು ಬೇಗ ಹೆಚ್ಚುತ್ತದೆ. ಇವುಗಳನ್ನು ಕೊಳದ ಹೊರಗೆ ತಡೆದಿಡುವುದು ಅಸಾಧ್ಯ. ಬಂದಂತೆಲ್ಲ ಕೊಲ್ಲುತ್ತಿರುವುದೊಂದೇ ದಾರಿ.

ನೀರಿಗೆ ಕ್ಲೋರಿನ್ ಬೆರೆಸುವುದು ಇದಕ್ಕಾಗಿಯೇ. ಹತ್ತು ಲಕ್ಷ ಭಾಗ ನೀರಿಗೆ 1ರಿಂದ 3 ಭಾಗ ಇದ್ದರೆ ಸಾಕೆಂದು ವಾಡಿಕೆ. ಆದರೆ ಕೊಲ್ಲುವ ಕೆಲಸವನ್ನು ನಿಜವಾಗಿ ಮಾಡುವುದು ಕ್ಲೋರಿನ್ ನೀರಿನೊಡನೆ ವರ್ತಿಸಿದಾಗ ಹುಟ್ಟುವ ಹೈಪೊಕ್ಲೋರಸ್ ಆಮ್ಲ. ಅದರ ಅಣುವಿಗೆ ವಿದ್ಯುದಂಶವಿಲ್ಲದ ಕಾರಣ ಜೀವಕೋಶದ ಪೊರೆಯನ್ನು ಹಾಯ್ದು ಒಳಹೊಗಬಲ್ಲುದು. ನೀರಿನ ಪಿಎಚ್, ಎಂದರೆ ಆಮ್ಲ-ಪ್ರತ್ಯಾಮ್ಲಗಳ ಅಳತೆ, ಏರಿದಂತೆ ಈ ಆಮ್ಲವು ಒಡೆದು ಹೈಪೊಕ್ಲೋರೈಟ್ ಅಯಾನು ಆಗುತ್ತದೆ. ಅದರ ಶಕ್ತಿ ಬಹು ಕಡಿಮೆ. ಪಿಎಚ್ 7.5 ಇರುವಾಗ ಸುಮಾರು ಅರ್ಧ ಪಾಲು ಆಮ್ಲರೂಪದಲ್ಲಿರುತ್ತದೆ, 8.5 ಆಯಿತೆಂದರೆ ಹತ್ತರಲ್ಲೊಂದು ಪಾಲು ಮಾತ್ರ. ಪಿಎಚ್ ನೋಡದೆ ಪುಡಿಯನ್ನು ಸುರಿಯುತ್ತಲೇ ಇರುವ ಮನೆಯೊಡೆಯನ ಹಣ ನೀರುಪಾಲಾಗುತ್ತದೆಂಬ ಮಾತು ಇಲ್ಲಿ ಅಕ್ಷರಶಃ ಸತ್ಯ.

ರಿಯೊದಲ್ಲಿ ನಡೆದ ತಪ್ಪು ಇನ್ನೂ ವಿಚಿತ್ರವಾದುದು. ಆಗಸ್ಟ್ 5ರಂದು ಕೊಳಕ್ಕೆ 80 ಲೀಟರು ಹೈಡ್ರೊಜನ್ ಪೆರಾಕ್ಸೈಡನ್ನು ಸುರಿದಿದ್ದರೆಂದು ಅಧಿಕಾರಿಗಳೇ ಅನಂತರ ತಿಳಿಸಿದರು. ಪೆರಾಕ್ಸೈಡೂ ಕ್ರಿಮಿನಾಶಕವೇ, ಎರಡು ಮದ್ದು ಸೇರಿದರೆ ಗುಣವೂ ಇಮ್ಮಡಿಯಾಗಬೇಕೆಂದು ನಮಗೆ ತೋರುವುದು ಸಹಜ. ಆದರೆ ಇವೆರಡೂ ಒಂದನ್ನೊಂದು ತಿಂದುಹಾಕುತ್ತವೆ! ಹೈಪೊಕ್ಲೋರಸ್ ಆಮ್ಲವೂ ಪೆರಾಕ್ಸೈಡೂ ಕೂಡಿ ಆಕ್ಸಿಜನ್, ನೀರು, ಹೈಡ್ರೊಕ್ಲೋರಿಕ್ ಆಮ್ಲಗಳಾಗಿ ಮುಗಿದುಹೋಗುತ್ತವೆ. ಕಾವಲುಗಾರನಿಲ್ಲದ ನೀರಿನಲ್ಲಿ ಪಾಚಿಯಂತಹ ಜೀವಿಗಳು ಬೆಳೆದಿರಬೇಕೆಂದು ಅಧಿಕಾರಿಗಳು ಊಹಿಸಿದರು. ಮಗ್ಗುಲಿನ ಕೊಳದಲ್ಲಿ ಜೋಡಿಯಾಗಿ ನರ್ತಿಸುವ ಈಜುಗಾರ್ತಿಯರು ನೀರಿನೊಳಗೆ ಒಬ್ಬರನ್ನೊಬ್ಬರು ಕಾಣಲೇಬೇಕು. ಆದುದರಿಂದ ಆ ನೀರನ್ನೆಲ್ಲ ಹೊರಹಾಕಿ, ಅಭ್ಯಾಸದ ಕೊಳವೊಂದರಿಂದ ಸುಮಾರು 37 ಲಕ್ಷ ಲೀಟರು ನೀರನ್ನು ತುಂಬಬೇಕಾಯಿತು.

ಹಿತ್ತಲಿನ ಕೊಳಕ್ಕೆ ಅಷ್ಟು ದೊಡ್ಡ ಉಪಾಯ ಬೇಕಿಲ್ಲ. ಮೊದಲು ಗೋಡೆ, ನೆಲಗಳನ್ನು ಕುಂಚದಿಂದ ಬಲವಾಗಿ ಉಜ್ಜಬೇಕು. ಅಂಟಿಕೊಂಡ ಪಾಚಿಯ ಲೋಳೆ ಪದರವು ಒಳಗಿನ ಕೋಶಗಳಿಗೆ ಕವಚದಂತಿರುತ್ತದೆ. ಪಿಎಚ್‌ಅನ್ನು 7.2ರ ಸುಮಾರಿಗೆ ಇಳಿಸಿ, ಬಳಿಕ ಕ್ಲೋರಿನ್ನನ್ನು ಎಂದಿಗಿಂತ ಹೆಚ್ಚಾಗಿ ಬೆರೆಸಬೇಕು. ಇದಕ್ಕೆ ಸಂಜೆಯೇ ತಕ್ಕ ಹೊತ್ತು. ರಕ್ಷಕ ದ್ರವ್ಯವಿಲ್ಲದ ಕ್ಲೋರಿನ್ನಿನಲ್ಲಿ ಅರ್ಧದಷ್ಟನ್ನು ನಡುಹಗಲ ಬಿಸಿಲಿನ ಅತಿನೇರಿಳೆ ಕಿರಣಗಳು ಒಂದು ಗಂಟೆಯೊಳಗೆ ನಾಶಮಾಡಬಲ್ಲುವು. ಆಮ್ಲವನ್ನೂ ಕ್ಲೋರಿನ್ ಪುಡಿಯನ್ನೂ ಎಂದಿಗೂ ಒಟ್ಟಿಗೆ ಬೆರೆಸಕೂಡದು. ಹೊಮ್ಮುವ ಕ್ಲೋರಿನ್ ಅನಿಲವು ಪ್ರಾಣಕ್ಕೇ ಅಪಾಯ. ಪುಡಿಯನ್ನು ನೀರಿಗೆ ಹಾಕಬೇಕಲ್ಲದೆ ಪುಡಿಯ ಮೇಲೆ ನೀರನ್ನು ಹೊಯ್ಯಬಾರದು.

ಮರುದಿನ ಹಸಿರು ಹೋಗಿ ನೀರು ಮಜ್ಜಿಗೆಯಂತೆ ಕದಡಿದ್ದರೆ ಗಾಬರಿ ಬೇಡ. ಅದು ಸತ್ತ ಪಾಚಿ. ಶೋಧಕವನ್ನು ಹಗಲಿರುಳೂ ನಡೆಸಿ, ಆಗಾಗ ತೊಳೆಯುತ್ತಿದ್ದರೆ ಕೆಲವು ದಿನಗಳಲ್ಲಿ ತಳ ಕಾಣುತ್ತದೆ. ಕೆಲವರು ತಾಮ್ರದ ಲವಣಗಳನ್ನು ಬಳಸುವುದುಂಟು. ಪಾಚಿಗೆ ತಾಮ್ರ ವಿಷವೇ ಸರಿ, ಆದರೆ ಅಳತೆ ಮೀರಿದರೆ ಹೊಂಬಣ್ಣದ ಕೂದಲಿನವರ ತಲೆ ಹಸಿರಾಗುತ್ತದೆ. ಆ ಅಪವಾದವನ್ನು ಜನರು ಬಹುಕಾಲದಿಂದ ಕ್ಲೋರಿನ್ನಿನ ಮೇಲೆ ಹೊರಿಸುತ್ತ ಬಂದಿದ್ದಾರೆ.